ಹಲಗಲಿಯ ಸತ್ತವರು ಯಾರ ಲೆಕ್ಕಕ್ಕೆ?

ಸುತ್ತಣ ಹಳ್ಳಿಗಳ ಜನರು ಕಾಳುಕಡಿ, ದನಕರು, ಉಪ್ಪು ಬೆಲ್ಲಗಳ ವ್ಯಾಪಾರಕ್ಕೆಂದು ಬಂದು ನೆರೆಯುವ ಸಂತೆಯ ದಿನವನ್ನೇ ಆರಿಸಿಕೊಂಡು, 1857ನೆಯ ಇಸವಿಯ ಡಿಸೆಂಬರ್ 11ರಂದು ಕುಂಪನಿ ಸರಕಾರವು ಹಲಗಲಿಯ 13 ಮಂದಿಯನ್ನು ಮುಧೋಳದಲ್ಲಿ ಬಹಿರಂಗವಾಗಿ ನೇಣಿಗೇರಿಸಿತು. ಮೂರು ದಿನಗಳ ತರುವಾಯ ಉಳಿದ ಆರು ಮಂದಿಯನ್ನು ಅವರ ಸ್ವಗ್ರಾಮದಲ್ಲಿಯೇ, ಸುಟ್ಟ ಮನೆಗಳ ಬೂದಿಯ ನಡುವೆ, ಗಲ್ಲಿಗೆ ಹಾಕಿತು. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿಗೆ ಸೇರಿದ ಈ ಹಲಗಲಿ ಆಗ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನದೊಳಗಿನ ಒಂದು ಊರು. ಶಿಕ್ಷೆಯೆಂಬುದು ಅಪರಾಧಿಗಷ್ಟೇ ಸಲ್ಲತಕ್ಕದ್ದಾಗಿದ್ದರೆ ಸೆರೆಮನೆಯ ಗೋಡೆಯೊಳಗೇ ಅದು ಮುಗಿಯಬಹುದಾಗಿತ್ತು; ಸಂತೆಗೆ ಬಂದವನು ಆ ದೃಶ್ಯವನ್ನು ಕಣ್ಣಲ್ಲಿ ತುಂಬಿಕೊಂಡು ತನ್ನ ಹಳ್ಳಿಗೆ ಮರಳಿ ಹತ್ತು ಮಂದಿಗೆ ಹೇಳಬೇಕೆಂಬುದೇ ಅಧಿಕಾರಿಗಳ ಉದ್ದೇಶವಾಗಿದ್ದಿತೆಂಬುದನ್ನು ಊಹಿಸುವುದಕ್ಕೆ ವಿಶೇಷ ಬುದ್ಧಿಯೇನೂ ಬೇಕಿಲ್ಲ.

ಈ ಜನರು ಮಾಡಿದ ಅಪರಾಧವಾದರೂ ಏನು? ಉತ್ತರ ಹಿಂದೂಸ್ಥಾನದಲ್ಲಿ ಸಿಪಾಯಿಗಳು ತಿರುಗಿ ಬಿದ್ದ ಸುದ್ದಿಯಿಂದ ಬೆಚ್ಚಿದ ಸರಕಾರವು, ಅಪ್ಪಣೆಯಿಲ್ಲದೆ ಯಾರೊಬ್ಬರೂ ಆಯುಧವನ್ನು ಇಟ್ಟುಕೊಳ್ಳಕೂಡದೆಂದು ನಿಃಶಸ್ತ್ರೀಕರಣದ ಕಾಯಿದೆಯನ್ನು ಹೊರಡಿಸಿತಷ್ಟೆ. ಪೇಟೆಯ ಸಾಹುಕಾರನಿಗಾಗಲಿ, ಅಗ್ರಹಾರದ ಪಂಡಿತನಿಗಾಗಲಿ ಇದರಿಂದ ಕಳೆದುಹೋಗುವುದು ಹೆಚ್ಚೇನೂ ಇರಲಿಲ್ಲ. ಆದರೆ ಹಲಗಲಿಯ ಬೇಡನ ಪಾಲಿಗೆ ಕತ್ತಿಯೂ ಬಂದೂಕೂ ಅನ್ನದ ಸಾಧನಗಳು, ಪಾಳೆಯಗಾರರ ಕಾಲದಿಂದ ಅವನ ಕುಲಕ್ಕೆ ಊರಲ್ಲಿ ಇದ್ದ ಸ್ಥಾನದ ಗುರುತುಗಳು. ಅವನ್ನು ಇಳಿಸಿಕೊಟ್ಟ ಮರುದಿನ ಅವನು ಯಾರು ಎಂಬ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ. ಎಲ್ಲರಿಗೂ ಸಮನಾಗಿ ಅನ್ವಯಿಸುವ ಶಾಸನವೊಂದು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನ ನಮ್ಮ ಸೀಮೆಯ ಇತಿಹಾಸದಲ್ಲಿ ಸಿಕ್ಕುವುದು ದುರ್ಲಭ. ಹನುಮ, ಬಾಲ, ಜಡಗ, ರಾಮ ಎಂಬ ಮುಂದಾಳುಗಳೊಡನೆ ಊರು ಎದುರು ನಿಂತಿತು. ನವೆಂಬರ್ ತಿಂಗಳ ಕೊನೆಯಲ್ಲಿ ಕರ್ನಲ್ ಮಾಲ್ಕಮ್ಮನ ದಂಡು ಬಂದು ಮುತ್ತಿತು. ಮನೆಗಳಿಗೆ ಬೆಂಕಿ ಬಿತ್ತು. ಗುಂಡಿಗೆ ಸಿಕ್ಕವರು ಅಲ್ಲಿಯೇ ಮಡಿದರು, ಸೆರೆ ಸಿಕ್ಕವರ ಪೈಕಿ 19 ಮಂದಿ ನೇಣುಗಂಬದ ವರೆಗೆ ನಡೆದರು.

ಸರಕಾರದ ಕಾಗದದಲ್ಲಿ ಈ ಘಟನೆ ಒಂದು ಯಶಸ್ವೀ ಕಾರ್ಯಾಚರಣೆ. ಹತರಾದವರೆಷ್ಟು, ಸೆರೆಯಾದವರೆಷ್ಟು, ದಂಡನೆಗೆ ಗುರಿಯಾದವರೆಷ್ಟು ಎಂಬ ಎಣಿಕೆ ಅಲ್ಲಿ ಉಂಟು. ಹಾಗೆಂದಮೇಲೆ ಈ ಸಾವುಗಳು ಲೆಕ್ಕಕ್ಕೆ ಬರಲಿಲ್ಲವೆಂದು ಹೇಳುವಂತಿಲ್ಲ. ಅವು ಬಂದದ್ದು ಸಾವುಗಳಾಗಿ ಅಲ್ಲ, ಶಾಂತಿಸ್ಥಾಪನೆಯ ಪ್ರಮಾಣಗಳಾಗಿ. ಪ್ರಭುತ್ವವು ತನ್ನ ಕೈಯಿಂದ ಸತ್ತವರನ್ನು ಮರೆಯುತ್ತದೆಂದು ಸಾಮಾನ್ಯವಾಗಿ ನಾವು ಭಾವಿಸುತ್ತೇವೆ. ನನಗೆ ತೋರುವಂತೆ ಅದು ಅನೇಕ ವೇಳೆ ಬಹು ಜಾಗರೂಕತೆಯಿಂದ ಎಣಿಸುತ್ತದೆ. ಅಳುವವರ ಪರವಾಗಿ ಮಾತ್ರ ಎಣಿಸುವುದಿಲ್ಲ.

ಅಳುವವರ ಪರವಾಗಿ ಎಣಿಸಿದ್ದು ಲಾವಣಿ. ಕುರ್ತಕೋಟಿಯ ಕಲ್ಮೇಶನ ಹೆಸರಿನೊಡನೆ ಪ್ರಸಿದ್ಧವಾಗಿರುವ ‘ಹಲಗಲಿಯ ಬೇಡರು’ ಎಂಬ ಆ ಹಾಡನ್ನು ನಮ್ಮ ಮಕ್ಕಳು ಶಾಲೆಯ ಪಠ್ಯದಲ್ಲಿ ಓದುತ್ತ ಬಂದಿದ್ದಾರೆ. ಓದಿದವರಿಗೆಲ್ಲ ನೆನಪಿನಲ್ಲಿ ಉಳಿಯುವುದು ಜಡಗ ಬಾಲರ ಶೌರ್ಯವೇ. ಆದರೆ ಆ ಲಾವಣಿಯಲ್ಲಿ ಲೂಟಿಯನ್ನು ವರ್ಣಿಸುವ ಭಾಗವೊಂದುಂಟು, ಅದನ್ನು ನಿಧಾನವಾಗಿ ಓದಬೇಕು. ದಂಡಿನವರು ಒಯ್ದದ್ದೇನೆಂಬುದನ್ನು ಕವಿ ಒಂದೊಂದಾಗಿ ಹೆಸರಿಸುತ್ತಾನೆ: ಕೊಡಲಿ ಕುಡಗಳಿಂದ ಹಿಡಿದು ಹಾಲು ಮೊಸರು ಬೆಣ್ಣೆ, ಉಪ್ಪು ಎಣ್ಣೆ, ಅರಿಸಿನ ಜೀರಿಗೆ, ಅಕ್ಕಿ ಬೆಲ್ಲ, ಉಣ್ಣುವ ಗಂಗಾಳ, ನೀರಿನ ಚರಿಗೆ, ಬೀಸುವ ಕಲ್ಲು, ಕೊನೆಗೆ ಮಂಗಳಸೂತ್ರದ ತನಕ. ಇದು ಯುದ್ಧಭೂಮಿಯ ವರ್ಣನೆಯಲ್ಲ, ಅಡುಗೆಮನೆಯ ಪಂಚನಾಮೆ. ಬೀಸುವ ಕಲ್ಲಿನ ಮುಂದೆ ಕೂಡುವವರು ಯಾರು, ಅರಿಸಿನ ಜೀರಿಗೆಯ ಡಬ್ಬಿಯ ಮೇಲೆ ಕೈಯಾಡಿಸುವವರು ಯಾರು, ಕೊರಳಿನ ಸೂತ್ರ ಕಿತ್ತುಹೋದದ್ದು ಯಾರದು? ಹೆಂಗಸರ ಲೋಕವೆಲ್ಲ ಆ ಪಟ್ಟಿಯಲ್ಲಿದೆ. ಹೆಂಗಸರ ಹೆಸರು ಮಾತ್ರ ಇಲ್ಲ. ಗಂಡಸರಿಗೆ ಹೆಸರು, ಹೆಂಗಸರಿಗೆ ಪಾತ್ರೆಪಡಗ: ಇಷ್ಟು ಅಂತಃಕರಣವುಳ್ಳ ಜನಪದ ಕವಿಯೂ ಈ ಹಂಚಿಕೆಯನ್ನು ಮೀರಲಾರದೆ ಹೋದನೆಂಬುದು ಅವನ ದೋಷವೆನ್ನುವುದಕ್ಕಿಂತ ಹಾಡಿಗೆ ವಸ್ತುವಾಗತಕ್ಕದ್ದು ಯಾವುದೆಂಬ ವಿಷಯದಲ್ಲಿ ಆ ಕಾಲಕ್ಕಿದ್ದ ತಿಳಿವಳಿಕೆಯ ಫಲವೆನ್ನುವುದು ನ್ಯಾಯ.

ಇನ್ನೊಂದು ವಿಪರ್ಯಾಸವನ್ನೂ ಇಲ್ಲಿ ಹೇಳಿಬಿಡುವುದು ಲೇಸು. ಈ ಲಾವಣಿ ನಮ್ಮ ಕೈ ಸೇರಿದ್ದು ಮುಂಬಯಿ ಇಲಾಖೆಯ ಸಿವಿಲ್ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟನ ಮೂಲಕ. ಬಾದಾಮಿ ಐಹೊಳೆಗಳ ಶಿಲಾಶಾಸನಗಳನ್ನು ಓದಿ ಕನ್ನಡ ನಾಡಿನ ರಾಜವಂಶಗಳ ಚರಿತ್ರೆಯನ್ನು ಬರೆದ ಅವನೇ, ಸಂಗೊಳ್ಳಿ ರಾಯಣ್ಣನ ಹಾಡನ್ನೂ ಹಲಗಲಿಯ ಹಾಡನ್ನೂ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ ಎಂಬ ವಿದ್ವತ್ಪತ್ರಿಕೆಯಲ್ಲಿ 1880ರ ದಶಕದಲ್ಲಿ ಪ್ರಕಟಿಸಿದನು. ಗಲ್ಲಿಗೆ ಹಾಕಿದ ಸರಕಾರದ ನೌಕರನೇ ಗಲ್ಲಿಗೆ ಹೋದವರ ಹಾಡನ್ನು ಅಚ್ಚುಹಾಕಿಸಿದನೆಂದರೆ, ದಫ್ತರವೆಂಬುದು ಯಾವ ಕಾಲದಲ್ಲಿಯೂ ಒಂದೇ ಬಣ್ಣದ ವಸ್ತುವಲ್ಲವೆಂದು ಒಪ್ಪಬೇಕಾಗುತ್ತದೆ.

ಬಾದಾಮಿ, ಹುನಗುಂದಗಳ ಸೀಮೆಯಲ್ಲಿ ತಿರುಗಾಡಿದವರಿಗೆ ಮರಣದ ಸ್ಮಾರಕಗಳೇನೂ ಅಪರೂಪವಲ್ಲ. ಐಹೊಳೆಯ ಮೇಗುತಿ ಗುಡ್ಡದ ಮೇಲೆ ರವಿಕೀರ್ತಿಯು 634ರಲ್ಲಿ ಬರೆಯಿಸಿದ ಪ್ರಶಸ್ತಿ ಶಾಸನದಲ್ಲಿ, ಪುಲಿಕೇಶಿಯ ಎದುರು ಕಾದಿದ ಹರ್ಷನ ಗಜಸೇನೆ ಯುದ್ಧದಲ್ಲಿ ಉರುಳಿದ ಸಂಗತಿ ಬರುತ್ತದೆ. ಆನೆಗಳೊಡನೆ ಉರುಳಿರಬೇಕಾದ ಮಾವಟಿಗನ ಮಾತು ಬರುವುದಿಲ್ಲ. ಅನಂತರ ಪಲ್ಲವರ ನರಸಿಂಹವರ್ಮನು 642ರಲ್ಲಿ ಬಾದಾಮಿಯನ್ನೇ ಹಿಡಿದು, ಅಲ್ಲಿಯ ಬಂಡೆಯ ಮೇಲೆ ತನ್ನ ಗೆಲವನ್ನು ಕೆತ್ತಿಸಿದನು. ಎರಡು ಕಡೆಯೂ ಶಿಲ್ಪಿಯ ಉಳಿ ಗೆದ್ದ ದೊರೆಯ ಅಂಗಳದಲ್ಲಿಯೇ ಓಡಾಡಿತು.

ವೀರಗಲ್ಲಿನ ಮಾತು ಬೇರೆ. ಅಲ್ಲಿ ದೊರೆಯಲ್ಲದವನಿಗೂ ಕಲ್ಲು ನಿಂತಿತು. ದನಗಳನ್ನು ಬಿಡಿಸಿಕೊಳ್ಳುವ ತುರುಗೋಳಿನಲ್ಲಿ, ಹೆಂಗಸರ ಮಾನ ಕಾಯುವ ಪೆಣ್ಬುಯ್ಯಲಿನಲ್ಲಿ, ಊರೇ ನಾಶವಾಗುವ ಊರಳಿವಿನಲ್ಲಿ ಮಡಿದ ಸಾಮಾನ್ಯ ಆಳು ಕೂಡ ಕೆಳಗಿನ ಪಟ್ಟಿಕೆಯಲ್ಲಿ ಕಾದಾಡುತ್ತ, ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರ ತೋಳಿನ ಮೇಲೆ ಏರುತ್ತ, ಮೇಲಿನದರಲ್ಲಿ ಶಿವಸಾನ್ನಿಧ್ಯದಲ್ಲಿ ಕುಳಿತಿರುತ್ತಾನೆ. ಬರಿಯ ಗೌರವವಷ್ಟೇ ಅಲ್ಲ, ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನೂ ಬಿಡುತ್ತಿದ್ದರು. ನಮ್ಮ ಕಾಲದ ‘ಪರಿಹಾರ’ದ ಹಿರಿಯಜ್ಜ ಅದು. ಮದ್ದೂರು ತಾಲೂಕಿನ ಆತಕೂರಿನಲ್ಲಿಯಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ಬೇಟೆನಾಯಿಗೆ ಹತ್ತನೆಯ ಶತಮಾನದ ನಡುಗಾಲದಲ್ಲಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಟ್ಟರು. ಹೆಂಗಸಿಗೆ ಕಲ್ಲು ದೊರೆಯುತ್ತಿದ್ದುದು ಬಹುತೇಕ ಗಂಡನ ಚಿತೆಯೇರಿದಾಗ. ಆ ಮಾಸ್ತಿಕಲ್ಲಿನ ಮೇಲೆಯೂ ಅನೇಕ ಕಡೆ ಇರುವುದು ಬಳೆ ತೊಟ್ಟು ಮೇಲಕ್ಕೆತ್ತಿದ ಒಂದು ತೋಳು ಮಾತ್ರ, ಮುಖವಿಲ್ಲ. ಹೆರಿಗೆಯಲ್ಲಿ ಸತ್ತವಳು, ಬರಗಾಲದಲ್ಲಿ ಸತ್ತವಳು, ಊರಳಿವಿನ ದಿನ ಒಲೆಯ ಮುಂದೆಯೇ ಸತ್ತವಳು ಕಲ್ಲಿಗೆ ಅರ್ಹಳಾಗಲಿಲ್ಲ. ಊರ ಹೊರಗಿನ ಕೇರಿಯವನು ಊರಿಗಾಗಿ ಸತ್ತಾಗ ಅವನಿಗೆ ಎಷ್ಟು ಕಲ್ಲು ನಿಂತವೆಂಬುದನ್ನು ಶಾಸನಗಳ ಪುಟ ತಿರುವುವವರು ತಾವೇ ಹುಡುಕಿ ನೋಡಬಹುದು.

ಬೇಡರು ನೇಣಿಗೇರಿದ ಇದೇ ಮುಧೋಳದಲ್ಲಿ, ಅದಕ್ಕೆ ಒಂಬತ್ತು ಶತಮಾನಗಳ ಹಿಂದೆ, ಬಳೆಗಾರರ ಮನೆಯಲ್ಲಿ ರನ್ನ ಹುಟ್ಟಿದನು. ಅವನ ‘ಗದಾಯುದ್ಧ’ದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ದುರ್ಯೋಧನನು ಸಂಜಯನ ತೋಳನ್ನು ಆಸರೆಯಾಗಿ ಹಿಡಿದು ರಣರಂಗದಲ್ಲಿ ನಡೆಯುತ್ತ, ದ್ರೋಣನನ್ನು ಕಂಡು ಅಳುತ್ತಾನೆ, ದುಶ್ಶಾಸನನನ್ನೂ ಮಗ ಲಕ್ಷಣನನ್ನೂ ಕಂಡು ಕುಸಿಯುತ್ತಾನೆ, ಕರ್ಣನನ್ನು ಕಂಡು ಎದೆಯೊಡೆದುಕೊಳ್ಳುತ್ತಾನೆ, ಅಷ್ಟೇ ಅಲ್ಲ, ಹಗೆಯ ಮಗನಾದ ಅಭಿಮನ್ಯುವಿನ ಮುಂದೆಯೂ ನಿಂತು ಕೈಮುಗಿಯುತ್ತಾನೆ. ವೈರಿಯ ಸಾವನ್ನೂ ಸಾವೆಂದು ಒಪ್ಪುವ ಈ ದೊಡ್ಡತನಕ್ಕಾಗಿ ವಿಮರ್ಶಕರು ಆ ಸನ್ನಿವೇಶವನ್ನು ಬಹುಕಾಲದಿಂದ ಕೊಂಡಾಡಿದ್ದಾರೆ, ಅದು ಯೋಗ್ಯವೂ ಹೌದು. ಆದರೆ ಅಭಿಮನ್ಯುವಿನಿಂದ ಕರ್ಣನ ವರೆಗೆ ಅವನು ನಡೆಯುವ ದಾರಿ ಎಂಥದು? ನೆತ್ತರಿನ ಕೆಸರು, ಆನೆ ಕುದುರೆಗಳ ರಾಶಿ, ಹೆಸರಿಲ್ಲದ ಆಳುಗಳ ಹೆಣಗಳ ಮೆದೆ. ಅವರು ಅವನಿಗೆ ಕಾಲಿಗೆ ತೊಡರುವ ವಸ್ತುಗಳು. ರಾಜನ ಶೋಕಕ್ಕೆ ಹಗೆತನದ ಎಲ್ಲೆಯನ್ನು ದಾಟುವ ಶಕ್ತಿಯಿತ್ತು, ಅಂತಸ್ತಿನ ಎಲ್ಲೆಯನ್ನು ದಾಟುವ ಶಕ್ತಿಯಿರಲಿಲ್ಲ.

ಯಾರ ಸಾವಿಗೆ ಶೋಕ ಸಲ್ಲುತ್ತದೆ ಎಂಬ ಈ ಪ್ರಶ್ನೆಯನ್ನು ಇಂದಿನ ವಿದ್ವಾಂಸರು ಕೇಳುವ ಒಂದು ವಿಶಿಷ್ಟ ಕ್ರಮವುಂಟು. ಅಮೆರಿಕದ ನ್ಯಾಯಶಾಸ್ತ್ರಜ್ಞೆ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಅದಕ್ಕೆ ಒಂದು ಹೆಸರು ಕೊಟ್ಟು, ನಾಲ್ಕು ದಾರಿ ಕೂಡುವ ಚೌಕದ ಹೋಲಿಕೆಯಿಂದ ವಿವರಿಸಿದರು. ಕಪ್ಪು ವರ್ಣದ ಹೆಂಗಸೊಬ್ಬಳು ಆ ಚೌಕದಲ್ಲಿ ನಿಂತಿದ್ದರೆ, ವರ್ಣದ ರಸ್ತೆಯಿಂದ ಬರುವ ಗಾಡಿಯೂ ಲಿಂಗದ ರಸ್ತೆಯಿಂದ ಬರುವ ಗಾಡಿಯೂ ಅವಳಿಗೆ ತಾಗಬಹುದು; ಕೋರ್ಟಾದರೋ, ನಿನಗೆ ಪೆಟ್ಟು ಯಾವ ರಸ್ತೆಯಿಂದ ಬಂತು, ಒಂದನ್ನೇ ಹೇಳು ಎಂದು ಕೇಳುತ್ತದೆ. ಪೊಲೀಸರ ಕೈಯಲ್ಲಿ ಸತ್ತ ಕಪ್ಪು ಗಂಡಸರ ಹೆಸರುಗಳು ಬೀದಿಬೀದಿಯಲ್ಲಿ ಘೋಷಣೆಗಳಾದರೂ ಹಾಗೆಯೇ ಸತ್ತ ಹೆಂಗಸರ ಹೆಸರು ಯಾರಿಗೂ ತಿಳಿಯದೆ ಹೋಗುತ್ತಿದೆಯೆಂದು 2014ರ ಕೊನೆಯಲ್ಲಿ ಅವರೇ ಮೊದಲಾದವರು ಅಲ್ಲಿ ಒಂದು ಚಳವಳಿಯನ್ನು ಹೂಡಿದರು. ಜಾತಿ, ಲಿಂಗ, ಭೂಮಿ, ಧರ್ಮ, ಊರಿನೊಳಗಿನ ಕೇರಿ, ಇವೆಲ್ಲ ಒಂದರ ಮೇಲೊಂದು ಬಿದ್ದು ಒಬ್ಬ ಮನುಷ್ಯನ ಪಾಡನ್ನು ನಿರ್ಣಯಿಸುತ್ತವೆಂಬುದು ನಮ್ಮ ಹಳ್ಳಿಗರಿಗೆ ವಿದೇಶದಿಂದ ಬಂದು ಹೇಳಬೇಕಾದ ಸಂಗತಿಯಲ್ಲ. ಆದರೂ ಸಾವಿನ ಲೆಕ್ಕವನ್ನು ಈ ದೃಷ್ಟಿಯಿಂದ ಒಮ್ಮೆ ತಾಳೆ ನೋಡುವುದು ಉಪಯುಕ್ತ.

ದೂರ ಹೋಗಬೇಕಾಗಿಲ್ಲ, ಬಾದಾಮಿಯಿಂದ ಮಲಪ್ರಭೆಯನ್ನು ದಾಟಿ ತೆಂಕಣಕ್ಕೆ ಸ್ವಲ್ಪ ಸರಿದರೆ ನರಗುಂದ. 1980ರ ಜುಲೈ 21ರಂದು, ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬಾರದೆ ಇದ್ದರೂ ಅಭಿವೃದ್ಧಿ ಕರವನ್ನು ತೆರಬೇಕೆಂದು ಬಂದ ನೋಟೀಸುಗಳ ವಿರುದ್ಧ ರೈತರು ತಾಲೂಕು ಕಚೇರಿಯ ಮುಂದೆ ಸೇರಿದಾಗ, ಪೊಲೀಸರ ಗುಂಡಿಗೆ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ಅದೇ ದಿನ ನೆರೆಯ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಮಡಿದರು. ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರ ಪ್ರಾಣವೂ ಹೋಯಿತೆಂಬುದನ್ನು ಇಲ್ಲಿ ಮರೆಮಾಚುವುದು ಸಲ್ಲದು. ಸಮವಸ್ತ್ರ ತೊಟ್ಟವನ ಮನೆಯಲ್ಲಿಯೂ ಅಳುವವರಿರುತ್ತಾರೆ. ಮುಖ್ಯಮಂತ್ರಿ ಗುಂಡೂರಾಯರ ಸರಕಾರವನ್ನು ನಡುಗಿಸಿ, ರಾಜ್ಯ ರೈತ ಸಂಘದ ಹುಟ್ಟಿಗೆ ಕಾರಣವಾದ ಆ ದಿನದ ನೆನಪಿಗೆ ನರಗುಂದದಲ್ಲಿ ರೈತರು ಕಟ್ಟಿಕೊಂಡ ಸ್ಮಾರಕದ ಹೆಸರು ಏನು ಗೊತ್ತೇ? ವೀರಗಲ್ಲು. ಚಾಲುಕ್ಯರ ಸೀಮೆಯ ಜನರಿಗೆ ತಮ್ಮ ಸತ್ತವರನ್ನು ನಿಲ್ಲಿಸಲು ಆ ಹಳೆಯ ರೂಪವೇ ಕೈಗೆಟುಕಿತು. ಪ್ರತಿವರ್ಷವೂ ಜುಲೈ 21ರಂದು ನಾನಾ ಬಣಗಳ ಮುಖಂಡರು ಅಲ್ಲಿಗೆ ಬಂದು ಮಾಲೆ ಹಾಕುತ್ತಾರೆ, ಭಾಷಣವನ್ನೂ ಮಾಡುತ್ತಾರೆ. ಸರಕಾರವು ಶಾಂತಿಭಂಗವೆಂದು ಬರೆದ ಸಾವನ್ನು ಜನರು ಹೌತಾತ್ಮ್ಯವೆಂದು ತಿದ್ದಿ ಬರೆದದ್ದಕ್ಕೆ ಇದು ಉಜ್ಜ್ವಲವಾದ ಉದಾಹರಣೆ.

ಹಾಗೆ ತಿದ್ದಿ ಬರೆಯುವ ಬಲ ಬಂದದ್ದಾದರೂ ಎಲ್ಲಿಂದ? ಸತ್ತವರು ಭೂಮಿಯುಳ್ಳ ರೈತರ ಸಮುದಾಯದವರು, ಅವರ ಹಿಂದೆ ಮತವಿದ್ದಿತು, ಸಂಘವಿದ್ದಿತು, ತೆರಿಗೆಯ ಪಾವತಿಯೂ ಉತಾರವೂ ಇದ್ದವು. ಈ ಮಾತಿನಿಂದ ಅವರ ಬಲಿದಾನ ಕಿರಿದಾಗುವುದಿಲ್ಲ. ಅದೇ ಹೊಲದಲ್ಲಿ ಕೂಲಿಗೆ ಬರುವವನೂ, ಕೂಲಿಯವನ ಹೆಂಡತಿಯೂ ಠಾಣೆಯ ಕೋಣೆಯಲ್ಲೋ ಲಾಠಿಯ ಪೆಟ್ಟಿನಿಂದಲೋ ಸತ್ತಿದ್ದರೆ ಜುಲೈ ತಿಂಗಳ ಯಾವ ದಿನಾಂಕಕ್ಕೆ ಮಾಲೆ ಬೀಳುತ್ತಿತ್ತೆಂಬ ಅನುಮಾನ ಮಾತ್ರ ಉಳಿಯುತ್ತದೆ. 2016ರಲ್ಲಿ ಮಹದಾಯಿ ಜಲವಿವಾದ ನ್ಯಾಯಾಧಿಕರಣದ ಮಧ್ಯಂತರ ಆದೇಶ ಪ್ರತಿಕೂಲವಾದ ಮೇಲೆ ಅದೇ ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗಳಿಗೇ ನುಗ್ಗಿ ಮುದುಕರನ್ನೂ ಹೆಂಗಸರನ್ನೂ ಬಡಿದ ದೃಶ್ಯಗಳನ್ನು ನಾಡೆಲ್ಲ ದೂರದರ್ಶನದಲ್ಲಿ ಕಂಡಿತಷ್ಟೆ. ಪೆಟ್ಟು ತಿಂದವರಲ್ಲಿ ಹೆಂಗಸರಿದ್ದರೂ ಸುದ್ದಿಯಲ್ಲಿ ಅವರು ರೈತರಾಗಿ ಬರಲಿಲ್ಲ, ರೈತರ ಮನೆಯವರಾಗಿ ಬಂದರು.

ಹೊಲ ಯಾರದೆಂದು ಹೇಳುವ ಈ ಉತಾರವೆಂಬ ಕಾಗದದ ಮಹಿಮೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಸಾಲದ ಬಾಧೆಯಿಂದ ರೈತನೊಬ್ಬನು ಜೀವ ಕಳೆದುಕೊಂಡರೆ, ಅದು ಪ್ರಭುತ್ವದ ಗುಂಡಿನ ಸಾವಲ್ಲ. ಆದರೆ ಅದನ್ನು ಸಾವೆಂದು ಗುರುತಿಸುವ ಅಧಿಕಾರವಂತೂ ಪ್ರಭುತ್ವದ್ದೇ. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿ ಕೂಡುತ್ತದೆ, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಉತಾರ, ಸಾಲದ ಪತ್ರಗಳನ್ನು ಮುಂದಿಟ್ಟುಕೊಂಡು ಪ್ರಕರಣವನ್ನು ‘ಅರ್ಹ’ ಅಥವಾ ‘ಅನರ್ಹ’ ಎಂದು ತೀರ್ಮಾನಿಸುತ್ತದೆ. ಅರ್ಹವಾದರೆ ಮನೆಯವರಿಗೆ 2015ರಿಂದೀಚೆಗೆ ಐದು ಲಕ್ಷ ರೂಪಾಯಿ ಪರಿಹಾರ. ಒಬ್ಬ ಮನುಷ್ಯನ ಸಾವಿಗೆ ಅನರ್ಹ ಎಂಬ ವಿಶೇಷಣವನ್ನು ಹಚ್ಚುವಾಗ ಗುಮಾಸ್ತನ ಕೈ ನಡುಗುವುದಿಲ್ಲವೆಂಬುದು ಆಶ್ಚರ್ಯವೇನಲ್ಲ, ನಮೂನೆಯ ಕಾಲಮಿನಲ್ಲಿ ಆ ಎರಡು ಶಬ್ದಗಳೇ ಇರುವುದು. ಹಗಲಿರುಳು ಹೊಲದಲ್ಲಿ ದುಡಿದು, ಸ್ವಸಹಾಯ ಸಂಘದ ಸಾಲಕ್ಕೆ ತಾನೇ ಸಹಿ ಮಾಡಿ, ಅದರ ಭಾರಕ್ಕೆ ಕುಸಿದ ಹೆಂಗಸಿನ ಹೆಸರು ಉತಾರದಲ್ಲಿಲ್ಲದಿದ್ದರೆ ಅವಳ ವೃತ್ತಿಯ ಕಾಲಮಿಗೆ ‘ಮನೆಗೆಲಸ’ ಬೀಳುತ್ತದೆ, ಮರಣದ ಕಾರಣಕ್ಕೆ ‘ಹೊಟ್ಟೆನೋವು’ ಅಥವಾ ‘ಕೌಟುಂಬಿಕ ಕಲಹ’. ಲಾವಣಿ (ಹಾಡಲ್ಲ, ಗೇಣಿ) ಮಾತಿನ ಮೇಲೆಯೇ ನಡೆಯುವ ನಮ್ಮ ಕಡೆಯ ಊರುಗಳಲ್ಲಿ ಪರರ ಹೊಲ ಮಾಡಿದವನಿಗೂ ಕಾಗದದ ಆಸರೆಯಿಲ್ಲ. ಅಂಥವರ ಸಾವಿನ ಸುದ್ದಿ ಬಂದಾಗ ಊರ ಕಟ್ಟೆಯ ಮೇಲೆ ಮೊದಲು ಏಳುವ ಪ್ರಶ್ನೆ, ‘ಉತಾರದಾಗ ಹೆಸರೈತೇನು?’ ಎಂಬುದೇ.

ಇಳಕಲ್ಲಿನ ಸೀಮೆಗೆ ಬಂದರೆ ಕೆಂಪು ಗ್ರಾನೈಟಿನ ಗಣಿಗಳು. ಕಲ್ಲಿನ ಸೂಕ್ಷ್ಮ ಧೂಳು ಎದೆಗೂಡಿನಲ್ಲಿ ಕೂತು ಬರುವ ಸಿಲಿಕೋಸಿಸ್ ರೋಗವನ್ನು ಕಾನೂನು ವೃತ್ತಿಜನ್ಯ ರೋಗವೆಂದು ಪರಿಗಣಿಸುತ್ತದೆ. ಹಾಗೆಂದು ಬರೆದರೆ ಮಾಲಿಕನ ಹೊಣೆಯೂ ಪರಿಹಾರವೂ ಹಿಂದೆ ಬರುತ್ತವೆ. ದೇಶದ ಕಲ್ಲುಗಣಿಗಳಲ್ಲೆಲ್ಲ ಮತ್ತೆ ಮತ್ತೆ ಕಂಡುಬಂದಿರುವುದೇನೆಂದರೆ, ಅದನ್ನು ಕ್ಷಯವೆಂದು ಬರೆದು ಮುಗಿಸುವುದು. ಕ್ಷಯಕ್ಕೆ ಮಾಲಿಕನಿಲ್ಲ.

ದೇವದಾಸಿಯರ ವಿಷಯ ಇನ್ನೂ ಸೂಕ್ಷ್ಮವಾದದ್ದು. ಬಾಗಲಕೋಟೆ, ಬೆಳಗಾವಿ, ವಿಜಯಪುರಗಳ ಸೀಮೆಯಲ್ಲಿ ಬಹುತೇಕ ಅಸ್ಪೃಶ್ಯರೆನಿಸಿದ ಕೇರಿಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ ಸರಕಾರವು 1982ರಲ್ಲಿ ಕಾಯಿದೆ ಮಾಡಿತು, ಅದು 1984ರಲ್ಲಿ ಜಾರಿಗೆ ಬಂದಿತು. ಮುತ್ತು ಕಟ್ಟಿಸಿಕೊಂಡವಳಿಗೆ ಹತ್ತಿಪ್ಪತ್ತು ವರ್ಷ ಜೊತೆಗಿದ್ದ ಗಂಡಸು ಸತ್ತಾಗ ಅವಳು ಅಳಬಹುದು, ಕಾನೂನಿನ ಕಣ್ಣಿನಲ್ಲಿ ವಿಧವೆಯಾಗಲಾರಳು. ವಾರಸಾ ಪತ್ರವಿಲ್ಲ, ವಿಧವಾ ವೇತನವಿಲ್ಲ, ಅವನ ಮನೆಯ ಅಂಗಳದಲ್ಲಿ ಹೆಣದ ಬಳಿ ಕೂಡಲು ಜಾಗವೂ ಇಲ್ಲ. ಮಾಜಿ ದೇವದಾಸಿಯರಿಗೆಂದು ಬರುವ ಮಾಸಾಶನಕ್ಕೂ 1993-94 ಮತ್ತು 2007-08ರ ಸಮೀಕ್ಷೆಗಳ ಪಟ್ಟಿಯಲ್ಲಿ ಹೆಸರಿರಬೇಕು. ಸಮೀಕ್ಷೆಯವರು ಬಂದ ದಿನ ಕಬ್ಬು ಕಡಿಯಲು ಪರಊರಿಗೆ ಹೋಗಿದ್ದವಳ ಪಾಡನ್ನು ಊಹಿಸಿಕೊಳ್ಳಬಹುದು. ಜಾತಿಯೊಂದರಿಂದಲೋ ಲಿಂಗವೊಂದರಿಂದಲೋ ಅವಳ ಸ್ಥಿತಿಯನ್ನು ವಿವರಿಸಹೊರಟರೆ ಅರ್ಧವೂ ಹೇಳಿದಂತಾಗುವುದಿಲ್ಲ.

ಪೌರತ್ವವೆಂಬ ಮಾತನ್ನು ನಾವು ಗಡಿಯ, ಪಾಸ್‌ಪೋರ್ಟಿನ ಸಂಬಂಧದಲ್ಲಿಯೇ ಬಳಸಿ ರೂಢಿಯಾಗಿದೆ. ಹುಟ್ಟಿದ ಊರಿನಲ್ಲಿಯೇ ಅರೆಪೌರರಾಗಿ ಬದುಕಿದವರೂ ಉಂಟು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಕೆಲವು ಕುಲಗಳಲ್ಲಿ ಹುಟ್ಟಿದ ಮಾತ್ರದಿಂದಲೇ ಮನುಷ್ಯನನ್ನು ಕಳ್ಳನೆಂದು ನಿಶ್ಚಯಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಮುಂಬಯಿ ಇಲಾಖೆಗೂ ವಿಸ್ತರಿಸಿದ ಮೇಲೆ ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ತಂತಿಬೇಲಿಯ ವಸಾಹತುಗಳೆದ್ದವು. ಹುಬ್ಬಳ್ಳಿ ಗದಗಗಳಲ್ಲಿ ಆ ಬಡಾವಣೆಗಳಿಗೆ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಹೆಸರು. 1952ರಲ್ಲಿ ಕಾಯಿದೆ ರದ್ದಾಯಿತು, ಆ ಕುಲಗಳು ‘ವಿಮುಕ್ತ’ವೆನಿಸಿದವು, ಊರಲ್ಲಿ ಕಳವಾದಾಗ ಪೊಲೀಸರು ಮೊದಲು ಯಾರ ಗುಡಿಸಲಿಗೆ ಹೋಗುತ್ತಾರೆಂಬ ವಾಡಿಕೆಯನ್ನು ರದ್ದುಪಡಿಸುವುದಕ್ಕೆ ಯಾವ ಶಾಸನವೂ ಬರಲಿಲ್ಲ. ಠಾಣೆಯಲ್ಲಿ ಸಂಭವಿಸಿದ ಪ್ರತಿಯೊಂದು ಮರಣವನ್ನೂ 24 ಗಂಟೆಗಳೊಳಗಾಗಿ ತನಗೆ ತಿಳಿಸಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1993ರಲ್ಲಿಯೇ ಆದೇಶಿಸಿದೆ; ಅದೇ ವರ್ಷ ಸುಪ್ರೀಂ ಕೋರ್ಟು ನೀಲಾಬತಿ ಬೆಹೆರಾ ಎಂಬ ಒರಿಸ್ಸಾದ ತಾಯಿಯ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ, ಬಂಧನದಲ್ಲಿ ಸತ್ತ ಮಗನಿಗಾಗಿ ಸರಕಾರವು ಪರಿಹಾರ ತೆರತಕ್ಕದ್ದೆಂದು ತೀರ್ಪಿತ್ತಿತು; 2005ರ ತಿದ್ದುಪಡಿಯಿಂದ ಇಂಥ ಸಾವುಗಳ ವಿಚಾರಣೆಯನ್ನು ನ್ಯಾಯಾಂಗದ ಮ್ಯಾಜಿಸ್ಟ್ರೇಟರೇ ನಡೆಸಬೇಕೆಂದಾಯಿತು. ಹೀಗೆ ಕಾನೂನಿನ ಬಾಗಿಲು ತೆರೆದಿರುವುದು ನಿಜ. ಆದರೆ ಆ ಬಾಗಿಲನ್ನು ತಟ್ಟುವುದಕ್ಕೆ, ಸತ್ತವನು ನಮ್ಮವನು ಎಂದು ಹೇಳಿ ನಿಲ್ಲುವ ವಿಳಾಸವುಳ್ಳ ಒಬ್ಬ ವ್ಯಕ್ತಿ ಬೇಕು. ಊರೂರು ಅಲೆಯುವ ಕುಟುಂಬಕ್ಕೆ ಅಂಚೆಯಣ್ಣನು ಸಮನ್ಸನ್ನು ಎಲ್ಲಿಗೆ ತಲುಪಿಸಬೇಕು?

ಮನ್ನಣೆ ತಡವಾಗಿ ಬಂದಾಗಲೂ ಅದರ ಬೆನ್ನಿಗೆ ಜಗಳ ಬರುವುದುಂಟು. ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು ಸಿದ್ಧಪಡಿಸಿ 2019ರಲ್ಲಿ ಹೊರಬಂದ ಹುತಾತ್ಮರ ಕೋಶದ ಐದು ಸಂಪುಟಗಳಲ್ಲಿ ದಕ್ಷಿಣದ ರಾಜ್ಯಗಳದು ಕೊನೆಯದು. ಅದರಲ್ಲಿ 1921ರ ಮಲಬಾರಿನ ಮಾಪಿಳ್ಳೆ ದಂಗೆಯಲ್ಲಿ ಸತ್ತ 387 ಮಂದಿಯ ಹೆಸರುಗಳು ಇರಬಾರದೆಂದು ಎರಡೇ ವರ್ಷಗಳಲ್ಲಿ ಪರಿಷತ್ತಿನ ಸಮಿತಿಯೊಂದು ಶಿಫಾರಸು ಮಾಡಿತು. ಆ ದಂಗೆಯ ಗುಣದೋಷಗಳ ಚರ್ಚೆ ಇಲ್ಲಿ ಅಪ್ರಕೃತ. ಹುತಾತ್ಮನೆಂಬ ಪದವಿ ಸತ್ತ ದಿನವೇ ಸ್ಥಿರವಾಗುವುದಿಲ್ಲ, ಬದುಕಿರುವವರ ಬಹುಮತದೊಡನೆ ಏರಿಳಿಯುತ್ತದೆಂಬುದಷ್ಟೇ ಇಲ್ಲಿಗೆ ಬೇಕಾದ ಮಾತು. 1841ರಲ್ಲಿ ನಿಜಾಮನ ಸೀಮೆಯಿಂದ ನೂರಕ್ಕೂ ಮಿಕ್ಕಿದ ಅರಬರ ತಂಡವನ್ನು ಕಟ್ಟಿಕೊಂಡು ಬಂದು ಬಾದಾಮಿಯನ್ನು ಕೆಲವು ದಿನ ಹಿಡಿದಿಟ್ಟ ಕುರುಡ ಬ್ರಾಹ್ಮಣ ನರಸಿಂಗರಾಯನ ಕಥೆ ಹಳೆಯ ಗೆಜೆಟಿಯರಿನಲ್ಲಿದೆ. ಅಲ್ಲಿ ನಾಯಕನಿಗೆ ಹೆಸರು, ಜಾತಿ, ಅಂಗವೈಕಲ್ಯ ಎಲ್ಲವೂ ಉಂಟು. ಅವನಿಗಾಗಿ ಕಾದಿದ ಅರಬರು ಬರಿಯ ಸಂಖ್ಯೆ. ಬಾಡಿಗೆಯ ಸೈನಿಕರು, ಪರದೇಶದವರು, ಮುಸಲ್ಮಾನರು: ಈ ಮೂರೂ ಕೂಡಿದಮೇಲೆ ಯಾವ ದೇಶದ ಕೋಶ ಅವರನ್ನು ಸೇರಿಸಿಕೊಂಡೀತು?

ಹಲಗಲಿಯವರ ಭಾಗ್ಯ ಇದಕ್ಕಿಂತ ಮೇಲು. ಸ್ವಾತಂತ್ರ್ಯಾನಂತರ ಅವರು ವೀರರಾದರು, ಪಠ್ಯಕ್ಕೆ ಬಂದರು, ಜಡಗ ಬಾಲರ ಹೆಸರಿನಲ್ಲಿ ಉತ್ಸವಗಳು ನಡೆದವು. 1991ರಲ್ಲಿ ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಗಲ್ಲಿಗೇರಿದವರ ಮರಿಮಕ್ಕಳ ಕಾಲಕ್ಕೆ ಪ್ರಭುತ್ವವು ಆ ಕುಲಕ್ಕೆ ತನ್ನಿಂದ ಸಲ್ಲಬೇಕಾದದ್ದು ಏನೋ ಇದೆಯೆಂದು ಒಪ್ಪಿತೆಂದಾಯಿತು. ಸತ್ತವರನ್ನು ಹೊಗಳುವುದು ಸುಲಭ, ಅದಕ್ಕೆ ವೆಚ್ಚವಾಗುವುದು ಒಂದು ವೇದಿಕೆ. ಬದುಕಿರುವವರನ್ನು ಪಟ್ಟಿಗೆ ಸೇರಿಸುವುದಕ್ಕೆ ನೂರಮೂವತ್ತು ವರ್ಷ ಹಿಡಿಯಿತು.

ಒಂದು ಸಂಗತಿಯನ್ನು ಮಾತ್ರ ಇಲ್ಲಿ ಹೆಸರಿಸದೆ ಬಿಡಲಾಗದು, ಅದು ಬಹಳ ಜನರ ಗಮನಕ್ಕೆ ಬಂದಂತಿಲ್ಲ. 1972ರಲ್ಲಿ ಕೇಂದ್ರ ಸರಕಾರವು ಸ್ವಾತಂತ್ರ್ಯ ಹೋರಾಟಗಾರರಿಗೆ ವೇತನವನ್ನು ಗೊತ್ತುಮಾಡಿದಾಗ, ಕನಿಷ್ಠ ಆರು ತಿಂಗಳು ಸೆರೆಯಲ್ಲಿದ್ದಿರಬೇಕೆಂಬ ನಿಯಮವಿದ್ದಿತು. ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ ಆ ಅವಧಿಯನ್ನು ಮೂರು ತಿಂಗಳಿಗೆ ಇಳಿಸಲಾಯಿತು. ಸೆರೆಮನೆಯ ಒಂದು ತಿಂಗಳು ಎಲ್ಲರಿಗೂ ಒಂದೇ ತೂಕದ್ದಲ್ಲವೆಂದು, ಮಗುವನ್ನು ಬಿಟ್ಟು ಹೋದವಳಿಗೂ ದಿನಗೂಲಿಯನ್ನು ಬಿಟ್ಟು ಹೋದವನಿಗೂ ಅದು ಇಮ್ಮಡಿಯಾಗುತ್ತದೆಂದು ಕಚೇರಿಯ ಯಾವನೋ ಒಬ್ಬನಿಗೆ ಹೊಳೆದಿರಬೇಕು. ವಿದೇಶದ ಪಂಡಿತರು ಹೆಸರಿಡುವುದಕ್ಕೆ ವರ್ಷಗಳ ಮೊದಲೇ ನಮ್ಮ ಸರಕಾರದ ಸುತ್ತೋಲೆಯೊಂದರಲ್ಲಿ ಆ ತತ್ತ್ವ ಕೂತಿತ್ತು. ಉಪವಿಭಾಗಾಧಿಕಾರಿಯ ಸಮಿತಿ ಕೂಡುವ ಮೇಜಿನ ಮೇಲೆ ಇಂಥ ಒಂದು ಸಡಿಲಿಕೆ ಬಂದರೆ, ಉತಾರದಲ್ಲಿ ಹೆಸರಿಲ್ಲದವಳ ವಿಷಯದಲ್ಲಿ ನೆರೆಹೊರೆಯವರ ಹೇಳಿಕೆಯನ್ನೂ ಸ್ವಸಹಾಯ ಸಂಘದ ಸಾಲದ ಪುಸ್ತಕವನ್ನೂ ಸಾಕ್ಷ್ಯವೆಂದು ಹಿಡಿಯುವುದಕ್ಕೆ ಹೊಸ ಶಾಸನವೇನೂ ಬೇಕಾಗಲಾರದು, ಸುತ್ತೋಲೆಯೊಂದು ಸಾಕು.